ಚೀಟಿ ಕಿಟಕಿಯ ಮುಂದೆ

ಮನೆಯಿಂದ,
ಶುಕ್ರವಾರ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ

ಪ್ರೀತಿಯ ತಮ್ಮಯ್ಯಾ,

ಅಕ್ಕನ ಆಶೀರ್ವಾದ. ನಿನ್ನ ಬೆನ್ನುನೋವು ಈಗ ಹೇಗಿದೆ? ದಿನವಿಡೀ ಆ ಆಸ್ಪತ್ರೆಯ ಕಿಟಕಿಯ ಹಿಂದೆ ಕೂತು ಚೀಟಿ ಬರೆದು ಬರೆದು ನೀನು ಬಿಲ್ಲಿನ ಹಾಗೆ ಬಾಗಿದ್ದೀಯ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು. ಕುರ್ಚಿಗೆ ಒಂದು ದಿಂಬು ಇಟ್ಟುಕೋ, ಯಾರೂ ನಗುವುದಿಲ್ಲ. ಮಗುವಿನ ಕೆಮ್ಮು ಹೋಯಿತೇ? ನಿನ್ನ ಭಾವ ಚೆನ್ನಾಗಿದ್ದಾರೆ. ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಮಾತು ಕಡಿಮೆಯಾಗಿ ಮನೆ ಸ್ವಲ್ಪ ತಣ್ಣಗಿದೆ. ನನಗೂ ದೇವರು ಆರೋಗ್ಯ ಕೊಟ್ಟಿದ್ದಾನೆ. ಆದರೂ ಈ ವಾರ ಊಟ ಸೇರುತ್ತಿಲ್ಲ. ಕಾಯಿಲೆಯಿಂದಲ್ಲ, ಹೇಸಿಗೆಯಿಂದ.

ಪಕ್ಕದ ಮನೆ ಟೈಲರಮ್ಮನ ಮಗಳು ಗುಬ್ಬಿ ನಿನಗೆ ಗೊತ್ತು. ನೀನು ಬಂದಾಗಲೆಲ್ಲ "ಮಾಮಾ, ತಲೆಗೂದಲು ಎಲ್ಲಿ ಬಿಟ್ಟು ಬಂದ್ರಿ" ಎಂದು ಕಾಡುತ್ತಿದ್ದಳಲ್ಲ, ಅವಳೇ. ಓದು ಮುಗಿಸಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿ ಮಡಿಸುವ ಕೆಲಸಕ್ಕೆ ಸೇರಿದ್ದಳು. ಅಲ್ಲಿನ ಮೇಸ್ತ್ರಿ ಅವಳನ್ನು ಸಾಮಾನಿನ ಕೋಣೆಗೆ ಕರೆದು ಬಲಾತ್ಕಾರ ಮಾಡಿದ. ಈ ಶಬ್ದ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಮೆತ್ತಗಿನ ಶಬ್ದ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಅದು ಅವನಿಗೇ ಅನುಕೂಲವಾಗುತ್ತಿತ್ತು.

ಟೈಲರಮ್ಮ ಪಾಪದ ಹೆಂಗಸು. ಮಗಳು ಮನೆಗೆ ಬಂದದ್ದೇ ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹುಯ್ದೇ ಹುಯ್ದಳು. ಎಲ್ಲ ತೊಳೆದುಹೋಗಲಿ ಎಂದು ದೇವರ ನಾಮ ಹೇಳುತ್ತ ಹುಯ್ದಳಂತೆ. ಆ ಬಟ್ಟೆಯನ್ನೂ ಸೋಪು ಹಚ್ಚಿ ಒಗೆದು ಹಾಕಿದಳು. ನನ್ನನ್ನು ಕೂಗಿ ಕರೆದಾಗ ಹುಡುಗಿ ಒದ್ದೆ ಕೂದಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದ ಮೂವರೂ ಆಸ್ಪತ್ರೆಗೆ ಹೋದೆವು.

ಇಲ್ಲಿನ ಚೀಟಿ ಕಿಟಕಿಯಲ್ಲಿ ಕೂರುವವನು ನಮ್ಮ ಪ್ರಾರ್ಥನಾ ಮಂದಿರದ ಹಾಡುಗಾರ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಅವನು ಹಾಡಿದರೆ ನನಗೆ ಎಷ್ಟೋ ಸಲ ಕಣ್ಣೀರು ಬಂದಿದೆ. ಗುರುತಿನವನು, ಅರ್ಥ ಮಾಡಿಕೊಳ್ಳುತ್ತಾನೆ ಎಂದು ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಹಿಂದಿನ ಸಾಲಿಗೆಲ್ಲ ಕೇಳುವ ಹಾಗೆ, "ರೇಪ್ ಕೇಸಾ? ಪೊಲೀಸ್ ಚೀಟಿ ತಂದ್ರಾ? ಅದಿಲ್ದೆ ಇಲ್ಲಿ ಮುಟ್ಟಲ್ಲ" ಎಂದ. ಸಾಲಿನಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಹೊಟ್ಟೆನೋವು, ಹಲ್ಲುನೋವು ಎಂದು ಬಂದವರೆಲ್ಲ ತಮ್ಮ ನೋವು ಮರೆತು ಹುಡುಗಿಯನ್ನು ನೋಡುತ್ತ ನಿಂತರು. ಟೈಲರಮ್ಮ "ಮೈ ತೊಳೆಸಿಬಿಟ್ಟೆ ಅಣ್ಣಾ, ತಪ್ಪಾಯ್ತಾ" ಎಂದು ಅಳುತ್ತ ಕೇಳಿದಳು. "ತೊಳೆಸಿದ್ಮೇಲೆ ಇನ್ನೇನಿದೆ ನೋಡೋಕೆ? ಮನೆಗೆ ಹೋಗಿ" ಎಂದು ಉಳಿದ ಬಿಸ್ಕತ್ತು ಬಾಯಿಗೆ ಹಾಕಿಕೊಂಡ. ಅವನ ತುಟಿಯ ಮೇಲಿದ್ದ ಪುಡಿ ಇನ್ನೂ ನನ್ನ ಕಣ್ಣ ಮುಂದಿದೆ ತಮ್ಮಯ್ಯಾ. ಅದೇ ಬಾಯಿಯಿಂದ ದೇವರ ಹೆಸರು.

ನಾನು ಸುಮ್ಮನೆ ವಾಪಸು ಬರುತ್ತಿದ್ದೆನೇನೋ. ಆದರೆ ಹೋದ ತಿಂಗಳ ಒಂದು ಸಂಗತಿ ನೆನಪಾಯಿತು. ಆರೋಗ್ಯ ಕೇಂದ್ರದ ಹುಡುಗಿಯೊಬ್ಬಳು ಮಂದಿರಕ್ಕೆ ಬಂದು, ಪ್ರಾರ್ಥನೆ ಮುಗಿದ ಮೇಲೆ ಬಲಾತ್ಕಾರವಾದರೆ ಏನು ಮಾಡಬೇಕು ಎಂದು ಹೆಂಗಸರಿಗೆ ಹೇಳಲು ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದ್ದಳು. ಅಧ್ಯಕ್ಷರು "ದೇವರ ಮುಂದೆ ಇಂಥ ಹೊಲಸು ಮಾತು ಬೇಡಮ್ಮಾ, ಬೇಕಿದ್ರೆ ಹೊರಗೆ ಹೇಳು" ಎಂದು ಚಪ್ಪಲಿ ಬಿಡುವ ಜಾಗ ತೋರಿಸಿದ್ದರು. ಹೆಂಗಸರು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಹೋಗುತ್ತಲೇ ಇದ್ದರು, ಅವಳು ಹೇಳುತ್ತಲೇ ಇದ್ದಳು. ನನ್ನ ಒಂದು ಚಪ್ಪಲಿ ಸಿಗದೆ ಹುಡುಕುತ್ತಿದ್ದೆನಾದ್ದರಿಂದ ಎರಡು ಮಾತು ಕಿವಿಗೆ ಬಿದ್ದಿತ್ತು. ಪೊಲೀಸಿನ ಕೆಲಸ ಬೇರೆ, ಅದಕ್ಕೋಸ್ಕರ ಔಷಧಿ ನಿಲ್ಲಿಸುವ ಹಾಗಿಲ್ಲ. ಯಾವ ಆಸ್ಪತ್ರೆಯೂ ಇಲ್ಲ ಎನ್ನುವ ಹಾಗಿಲ್ಲ.

ಅದನ್ನೇ ಕಿಟಕಿಯಲ್ಲಿ ಹೇಳಿದೆ. "ಯಾವ ವಕೀಲರು ಹೇಳಿದ್ರು ನಿಮಗೆ?" ಎಂದು ಹಲ್ಲು ಕಿರಿದ. "ಚಪ್ಪಲಿ ಬಿಡೋ ಜಾಗದಲ್ಲಿ ಕೇಳಿದೆ, ನೀನು ಒಳಗೆ ಇನ್ನೂ ಹಾಡ್ತಾ ಇದ್ದೆ" ಎಂದೆ. ಕಿಟಕಿಗೆ ಅಡ್ಡವಾಗಿ ನಿಂತೆ. ನನ್ನ ಗಾತ್ರ ನಿನಗೆ ಗೊತ್ತಲ್ಲ, ಅದು ಮೊದಲ ಸಲ ಉಪಯೋಗಕ್ಕೆ ಬಂತು. ಹಿಂದಿನವರು ಗದ್ದಲ ಎಬ್ಬಿಸಿದ್ದು ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ವಿಷಯ ತಿಳಿದು ಅವನ ಮುಖವನ್ನೊಮ್ಮೆ ನೋಡಿ, ಹುಡುಗಿಯನ್ನು ಒಳಗೆ ಕರೆದುಕೊಂಡರು. ನನಗೂ ಇರಲು ಹೇಳಿದರು, ಹುಡುಗಿ ನನ್ನ ಸೆರಗು ಬಿಟ್ಟಿರಲಿಲ್ಲ. "ಇಲ್ಲಿ ನೋಡ್ಲಾ? ಬೇಡ ಅಂದ್ರೆ ಬೇಡ" ಎಂದು ಪ್ರತಿ ಸಲವೂ ಕೇಳಿಯೇ ಮುಟ್ಟಿದರು. ಗಾಯಕ್ಕೆ ಔಷಧಿ ಹಾಕಿದರು, ರಕ್ತ ಪರೀಕ್ಷೆ ಮಾಡಿಸಿದರು, ಬಸಿರು ನಿಲ್ಲದ ಹಾಗೆ, ಕೆಟ್ಟ ರೋಗ ಅಂಟದ ಹಾಗೆ ಮಾತ್ರೆ ಕೊಟ್ಟರು. ಒಂದು ಕಾಸೂ ಕೇಳಲಿಲ್ಲ. ಸ್ನಾನ ಮಾಡಿದ್ದರೂ ಬರಬೇಕು, ಆದರೆ ಬೇಗ ಬರಬೇಕು, ತಡವಾದರೆ ಈ ಮಾತ್ರೆಗಳು ನಾಟುವುದಿಲ್ಲ ಎಂದರು. ಅಂದರೆ ಆ ಹಾಡುಗಾರನ ಮಾತು ಕೇಳಿ ಮನೆಗೆ ಹೋಗಿದ್ದರೆ ಹುಡುಗಿಯ ಗತಿ ಏನಾಗುತ್ತಿತ್ತು, ನೀನೇ ಯೋಚಿಸು.

ನಿನ್ನೆ ಸಂಜೆ ಆರೋಗ್ಯ ಕೇಂದ್ರದ ಹುಡುಗಿಯ ಕೈ ಹಿಡಿದು ಮಂದಿರದ ಒಳಕ್ಕೇ ಕರೆದುಕೊಂಡು ಹೋದೆ. ಅಧ್ಯಕ್ಷರು ಮೈಕಿನ ವೈರು ಕೀಳಿಸಿದರು. ಕೀಳಲಿ, ದೇವರಿಗೇನು ಕಿವಿ ಮಂದವೇ. ಅವಳು ಬರೀ ಗಂಟಲಲ್ಲೇ ಹೇಳಿದಳು. ಈ ಸಲ ಬಾಗಿಲಲ್ಲಿ ನಾನು ನಿಂತಿದ್ದರಿಂದ ಯಾರೂ ಎದ್ದು ಹೋಗಲಿಲ್ಲ. ಹಾಡುಗಾರ ಮಾತ್ರ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಇಷ್ಟು ದಿನ ಅದನ್ನು ಭಕ್ತಿ ಎಂದುಕೊಂಡಿದ್ದೆ. ಮೇಸ್ತ್ರಿಯ ಮೇಲೆ ದೂರು ಕೊಡುವುದು ಗುಬ್ಬಿಯ ಇಷ್ಟ. ಅವಳು ಕೊಡುತ್ತೇನೆ ಎನ್ನುತ್ತಿದ್ದಾಳೆ, ನಾವು ಜೊತೆಗಿದ್ದೇವೆ.

ನಿನ್ನ ಹೆಂಡತಿಗೆ, ಮಗುವಿಗೆ ನನ್ನ ಪ್ರೀತಿ. ದೇವರು ನಿನ್ನ ಬೆನ್ನನ್ನೂ ಬುದ್ಧಿಯನ್ನೂ ನೆಟ್ಟಗಿಟ್ಟಿರಲಿ.

ನಿನ್ನ
ಅಕ್ಕ

ತಾ.ಕ.: ಹೋದ ಸಲ ಇಲ್ಲಿ ಊಟಕ್ಕೆ ಕೂತಾಗ ನೀನು ಒಂದು ಮಾತು ಹೇಳಿ ನಕ್ಕಿದ್ದೆ. "ಅಂಥವ್ರು ಬಂದ್ರೆ ಪೊಲೀಸ್ ಚೀಟಿ ತಗೊಂಡ್ಬಾ ಅಂತೀನಿ ಅಕ್ಕಾ, ಮತ್ತೆ ತಲೆನೇ ಹಾಕಲ್ಲ." ಅಂಥವರು ಎಂದರೆ ಯಾರು ಎಂದು ನನಗೆ ಈ ವಾರ ತಿಳಿಯಿತು. ಗುಬ್ಬಿಗೆ ಇನ್ನೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಇಲ್ಲಿನ ಕಿಟಕಿಯ ಮುಂದೆ ಮತ್ತೆ ನಿಲ್ಲಲಾರೆ, ಮಾಮನ ಆಸ್ಪತ್ರೆಗೆ ಹೋಗೋಣ ಎಂದು ಅವಳೇ ಹೇಳಿದಳು. ಮುಂದಿನ ಸೋಮವಾರ ಕರೆತರುತ್ತೇನೆ. ಅಕ್ಕ ಬಂದಳು ಎಂದು ಎದ್ದು ಬರಬೇಡ. ಸಾಲಿನಲ್ಲೇ ನಿಲ್ಲುತ್ತೇವೆ, ನಮ್ಮ ಮುಂದಿನವರಿಗೂ ಹಿಂದಿನವರಿಗೂ ನೀನು ಏನು ಕೇಳುತ್ತೀಯೋ ಕೇಳಿಸಿಕೊಳ್ಳುತ್ತೇನೆ. ಆಮೇಲೆ ನಿನ್ನ ಮನೆಗೆ ಊಟಕ್ಕೆ ಬರುವುದೋ, ಹಾಗೇ ಬಸ್ಸು ಹತ್ತುವುದೋ, ಅಲ್ಲೇ ತೀರ್ಮಾನ ಮಾಡುತ್ತೇನೆ.