ಪಕ್ಕದಲ್ಲಿ ಬಿಟ್ಟ ಜಾಗ

ತಂಗಿ ನುಜೂದ್‌ಗೆ ಮಆನ್ ಪಟ್ಟಣದಾಚೆಯ ಮರಳುಗಾಡಿನಿಂದ ಅಣ್ಣನ ಸಲಾಮು.

ಹಳೇ ರೋಮನ್ನರ ಈ ಪಾಳು ಗಡಿ ಊರಲ್ಲಿ ಗಾಳಿಯದ್ದೇ ಮಾತು, ಕೇಳಿ ಕೇಳಿ ಸಾಕಾಗಿದೆ. ನಿನ್ನೆ ಕೋಟೆಗೋಡೆಯ ಹೊರಗೆ ಅಗೆಯುವಾಗ ಒಬ್ಬ ಹೆಂಗಸಿನ ಗೋರಿ ಸಿಕ್ಕಿತು. ಮೇಸ್ತ್ರಿ ಅಬು ಧಿಯಾಬ್ ತನ್ನ ತಲೆವಸ್ತ್ರ ಬಿಚ್ಚಿ ಬುರುಡೆಗೆ ಹೊದಿಸಿದ. "ಯಾವ ಮತದವಳಾದರೇನು, ಹೆಣ್ಣುಮಗಳ ಮುಖಕ್ಕೆ ಬಿಸಿಲು ಬೀಳಬಾರದು" ಅಂದ. ಕಲ್ಲಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಗ್ರೀಕಿನಲ್ಲಿದೆ. ಗಂಡ ಈ ಕೋಟೆಯಲ್ಲಿ ಸಿಪಾಯಿ ಆಗಿದ್ದನಂತೆ, ತನಗೂ ಪಕ್ಕದಲ್ಲೇ ಕುಣಿ ಕಟ್ಟಿಸಿಟ್ಟಿದ್ದ. ಅದನ್ನು ಅಗೆದರೆ ಬರೀ ಮಣ್ಣು.

"ಇನ್ನೊಬ್ಬಳನ್ನು ಕಟ್ಟಿಕೊಂಡು ಓಡಿರಬೇಕು, ಬಡ್ಡೀಮಗ!" ಅಂದ ಅಬು ಧಿಯಾಬ್. ಎಲ್ಲರೂ ನಕ್ಕರು. ಏಕೆ ನಗು ಅಂತ ಈ ಅಗೆತ ನಡೆಸುವ ಇಂಗ್ಲಿಷ್ ಮೇಡಮ್ ನನ್ನನ್ನು ಕೇಳಿದರು. ದುಭಾಷಿ ನಾನೇ ತಾನೆ! ಕಾಲೇಜಿನ ಇಂಗ್ಲಿಷೆಲ್ಲ ಮರೆತುಹೋಗಿ, "ಹಸ್ಬೆಂಡ್ ನಾಟ್ ಕಮಿಂಗ್" ಅಂದೆ. ಅವರು ನಗಲಿಲ್ಲ.

ಕೆಮ್ಮು ಹಾಗೇ ಇದೆ, ಬೆಳಗ್ಗೆ ಜಾಸ್ತಿ. ಅಡುಗೆಯವನು ಅದೇನೋ ಎಲೆ ಕುದಿಸಿ ಕೊಡುತ್ತಾನೆ, ಕುಡಿಯುತ್ತೇನೆ.

ನಾನು ಹೊರಡುವ ದಿನ, ಹಾಸಿಗೆ ಹಿಡಿದ ನಿನ್ನ ಮಾವನವರಿಗೆ ಬೇಕಾಗುತ್ತದೆಂದು, ನಮ್ಮೂರು ಮಾದಬದಲ್ಲಿ ನಿನ್ನ ಅತ್ತಿಗೆ, ನನ್ನ ಫಿದ್ದಾಳ ಗೋರಿಯ ಪಕ್ಕ ನನಗೆಂದು ಬಿಟ್ಟ ಜಾಗ ಕೇಳಿದ್ದೆಯಲ್ಲ. "ಸತ್ತ ಮೇಲೆ ಯಾವ ಮಣ್ಣಾದರೇನು, ತಗೋ" ಅಂದುಬಿಟ್ಟಿದ್ದೆ. ಕೊಡಬೇಡ ತಂಗಿ. ಅವರಿಗೆ ಬೇಸರವಾದರೆ ನನ್ನನ್ನೇ ಬಯ್ಯಲಿ. ನೀರಿನ ಲಾರಿ ಹೊರಟಿದೆ, ಕಾರ್ಡು ಅದರಲ್ಲೇ ಹೋಗಬೇಕು. ಇದು ಕೈಸೇರಿದ ದಿನವೇ ಹೋಗಿ ಆ ಜಾಗದ ನಾಲ್ಕು ಮೂಲೆಗೂ ಕಲ್ಲಿಡು.

ಅಣ್ಣ ಮುತ್ಲಕ್