ಕಾಟ ಕೊಡದ ತಳಿ

ಬುಧವಾರ, ಮಧ್ಯಾಹ್ನ

ತಂಗಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದು ಹಾಕಿದೆ. ಪ್ರೀತಿ ಎಲ್ಲಿಗೂ ಹೋಗಿಲ್ಲ. ಆದರೆ ಈ ಹೊತ್ತು ಮನಸ್ಸಿನಲ್ಲಿ ಮೇಲೆ ಕೂತಿರುವುದು ಹೇಸಿಗೆ. ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕಳಿಸುವುದು ನನಗೆ ಬರುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಹೇಳಿದರೆ ನೀನು ಅರ್ಧದಲ್ಲೇ “ಅಕ್ಕ, ಸ್ಟೌ ಮೇಲೆ ಹಾಲಿದೆ” ಎಂದು ಇಟ್ಟುಬಿಡುತ್ತೀಯ. ನಿನ್ನ ಮನೆಯಲ್ಲಿ ಹಾಲು ಉಕ್ಕುವುದು ನಾನು ಫೋನ್ ಮಾಡಿದಾಗ ಮಾತ್ರ.

ನಿನ್ನ ಪತ್ರ ನಿನ್ನೆ ಬಂತು. ನಾಲ್ಕನೆಯ ನಾಯಿಯೂ ನಿಮಗೆ ಹೊಂದಲಿಲ್ಲ, ಭಾನುವಾರ ಅಂಗಡಿಗೆ ವಾಪಸು ಬಿಡುತ್ತೀರಿ, ಅಷ್ಟರೊಳಗೆ ನಾನು ಪುಸ್ತಕಗಳನ್ನು ತಿರುವಿ ‘ಕಾಟ ಕೊಡದ ತಳಿ’ ಯಾವುದೆಂದು ತಿಳಿಸಬೇಕು. ಲೈಬ್ರರಿಯಲ್ಲಿ ಜೀವನ ಸವೆಸಿದವಳಲ್ಲವೇ ನಾನು. ನಿನ್ನ ಬೇಡಿಕೆಗಳನ್ನು ಎರಡು ಸಲ ಓದಿದೆ. ಬೊಗಳಬಾರದು. ಕೂದಲು ಉದುರಬಾರದು. ವಾಸನೆ ಬರಬಾರದು. ಹೊರಗೆ ಕರೆದುಕೊಂಡು ಹೋಗಿ ಎಂದು ಬಾಗಿಲು ಕೆರೆಯಬಾರದು. ಹಗಲೆಲ್ಲ ಒಂಟಿಯಾಗಿ ಬಿಟ್ಟರೂ ಮುಖ ಸಪ್ಪಗೆ ಮಾಡಿಕೊಳ್ಳಬಾರದು. ನೀವು ಬಂದಾಗ ಬಾಲ ಅಲ್ಲಾಡಿಸಬೇಕು, ಅದೂ ಟೀಪಾಯಿಯ ಮೇಲಿನ ಗಾಜಿನ ಹೂಜಿ ಬೀಳದಷ್ಟು.

ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಬಯ್ಯುವುದು ಆಮೇಲೆ. ಗ್ರೇಹೌಂಡ್ ಓಟಕ್ಕೆಂದೇ ಹುಟ್ಟಿದ್ದರೂ ಮನೆಯೊಳಗೆ ಶುದ್ಧ ಸೋಮಾರಿಯಂತೆ, ದಿನದ ಬಹುಪಾಲು ಮಲಗಿಯೇ ಇರುತ್ತದಂತೆ. ಆದರೆ ಮಲಗುವುದು ಮೆತ್ತನೆಯ ಜಾಗದಲ್ಲೇ, ಅಂದರೆ ನಿನ್ನ ಬಿಳಿ ಸೋಫಾದ ಮೇಲೆ, ಈ ತುದಿಯಿಂದ ಆ ತುದಿಗೆ. ಬ್ಯಾಸೆಟ್ ಹೌಂಡ್ ಸಾಧು ಪ್ರಾಣಿ, ಮಕ್ಕಳ ಜೊತೆ ಚೆನ್ನ. ಆದರೆ ಜೊಲ್ಲು ಸುರಿಸುತ್ತದೆ, ನೇತಾಡುವ ಕಿವಿಗಳನ್ನು ಆಗಾಗ ಒರೆಸುತ್ತಿರಬೇಕು. ಬಸೆಂಜಿ ಬೊಗಳುವುದು ಕಡಿಮೆ. ಅದರ ಬದಲು ಒಂದು ಥರ ರಾಗ ಎಳೆಯುತ್ತದೆ, ಬೇಜಾರಾದರೆ ಮನೆಯನ್ನು ಕಿತ್ತು ಹಾಕುತ್ತದೆ. ಇನ್ನು ಚಪ್ಪಟೆ ಮೂತಿಯ ಪಗ್ಗು, ಬುಲ್‌ಡಾಗು. ಮುದ್ದಾಗಿ ಕಾಣಲಿ ಎಂದು ತಲೆಮಾರುಗಟ್ಟಲೆ ಮೂತಿಯನ್ನು ಒಳಕ್ಕೆ ಒತ್ತುತ್ತಾ ಬಂದು, ಈಗ ಅವುಗಳಲ್ಲಿ ಎಷ್ಟಕ್ಕೋ ಉಸಿರಾಡಲು ದಾರಿಯೇ ಸಾಲದು. ಹೆಚ್ಚು ಓಡುವುದಿಲ್ಲ, ಕುಣಿಯುವುದಿಲ್ಲ, ಎಷ್ಟು ಶಾಂತ ಸ್ವಭಾವ ಎಂದು ಜನ ಮೆಚ್ಚುತ್ತಾರೆ. ಅದು ಶಾಂತಿಯಲ್ಲ ತಂಗಿ, ಉಸಿರಿನ ಕೊರತೆ. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಒಂದು ಜೀವದ ಮೂಗನ್ನೇ ಕಿತ್ತುಕೊಂಡು, ಅದು ಸುಸ್ತಾಗಿ ಬಿದ್ದುಕೊಂಡರೆ ಒಳ್ಳೆಯ ನಡತೆಯ ಸರ್ಟಿಫಿಕೇಟು ಕೊಡುವ ಕುಲ ನಮ್ಮದು.

ನಾನೇನು ನಾಯಿಗಳನ್ನು ಕಂಡರೆ ಕರಗುವವಳಲ್ಲ, ನಿನಗೆ ಗೊತ್ತು. ಒದ್ದೆ ಮೂಗು ಕೈಗೆ ತಗುಲಿದರೆ ಮೊಣಕೈವರೆಗೆ ಸೋಪು ಹಾಕುತ್ತೇನೆ. ಆದರೆ ಸೋಪಿಗೆ ಹೋಗದ ಹೊಲಸೂ ಇದೆ. ಅದು ಈ ಊರಿಗೆ ಹೊಸದಲ್ಲ. ಪಾರ್ಕಿನ ಬೆಂಚುಗಳ ನಡುವೆ ಕಬ್ಬಿಣದ ಅಡ್ಡಪಟ್ಟಿ ಬಂದದ್ದು ನನಗೆ ನೆನಪಿದೆ. ಯಾರೂ ಕಾಲು ಚಾಚಿ ಮಲಗಬಾರದೆಂದು. ಹಣ್ಣು ಉದುರಿ ಕಾರುಗಳು ಗಲೀಜಾಗುತ್ತವೆಂದು ನಮ್ಮ ಬೀದಿಯ ಮರಗಳನ್ನು ಉರುಳಿಸಿ, ಹೂವೂ ಬಿಡದ ಹಣ್ಣೂ ಬಿಡದ ಯಾವುದೋ ಗಿಡ ನೆಟ್ಟದ್ದೂ ನೆನಪಿದೆ. ಆಗ ಪತ್ರಿಕೆಗೆ ಬರೆದೆ, ಅರ್ಧ ಕತ್ತರಿಸಿ ಪ್ರಕಟಿಸಿದರು. ಉಳಿಸಿದ ಅರ್ಧದಲ್ಲಿ ನಾನು ಆ ಗಿಡವನ್ನು ಹೊಗಳಿದ ಹಾಗಿತ್ತು. ಎಲ್ಲರಿಗೂ ನೆರಳು ಬೇಕು, ಕಸ ಬೇಡ. ಮನೆಯೊಳಗೂ ಅದೇ ಶುರುವಾಗುತ್ತದೆಂದು ನಾನು ಎಣಿಸಿರಲಿಲ್ಲ. ಅದೂ ನನ್ನ ತಂಗಿಯ ಮನೆಯಲ್ಲಿ.

ನಿನ್ನ ಗಂಡ ಕೆಟ್ಟವರಲ್ಲ. ಟೈಲ್ಸ್ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಒಂದೊಂದು ಬಿಲ್ಲೆಯನ್ನೂ ಬೆರಳಿನಿಂದ ತಟ್ಟಿ, ಒಡಕು ದನಿ ಬಂದರೆ ಪಕ್ಕಕ್ಕೆ ಎತ್ತಿಡುವ ಕೆಲಸ. ತಟ್ಟಿ ತಟ್ಟಿ ಬೆರಳಿಗೆ ಅದೇ ಚಾಳಿ. ಅದಕ್ಕೆ ಸರಿಯಾಗಿ ನಾಯಿ ಅಂಗಡಿಯವನೊಬ್ಬ ಸಿಕ್ಕ, “ಎರಡು ವಾರ ಮನೇಲಿಟ್ಟು ನೋಡಿ, ಹೊಂದಲಿಲ್ಲ ಅಂದ್ರೆ ತಂದುಬಿಡಿ” ಎನ್ನುವವನು. ಇಬ್ಬರ ಜಾತಕವೂ ಕೂಡಿಬಂತು. ಗುಬ್ಬಿಗೆ ಜೊತೆಯಾಗಲಿ ಎಂದೇ ನೀವು ನಾಯಿ ಹುಡುಕಲು ಹೊರಟದ್ದು, ಅದನ್ನು ಅಲ್ಲಗಳೆಯುವುದಿಲ್ಲ. ತಮ್ಮ ತೀರಿಕೊಂಡ ಮೇಲೆ, ತಾಯಿಯೂ ಇಲ್ಲದ ಅವನ ಮಗುವನ್ನು ಒಂದು ಮಾತೂ ಆಡದೆ ಕರೆದುಕೊಂಡು ಹೋದವಳು ನೀನು. ನನ್ನದು ಒಂದೇ ಕೋಣೆ, ಮೂರನೆಯ ಮಹಡಿ, ನೆಟ್ಟಗೆ ಮಡಚಲು ಬಾರದ ಮಂಡಿ. ನಿನ್ನ ಆ ಋಣ ನನ್ನ ಮೇಲಿದೆ. ಇದ್ದರೂ ಬಯ್ಯುತ್ತೇನೆ.

ಭಾನುವಾರ ಸಂಜೆ ಊಟದ ಮೇಜಿನ ಸುತ್ತ ಕೂತು ನಾಯಿಗೆ ಅಂಕ ಹಾಕುವ ಪದ್ಧತಿ ಯಾರ ತಲೆಯಲ್ಲಿ ಹುಟ್ಟಿತು? ನಾನು ಬಂದಿದ್ದಾಗ ಕಣ್ಣಾರೆ ನೋಡಿದೆ. ನಾಯಿ ಮೇಜಿನ ಕೆಳಗೇ ಇತ್ತು. ಸದ್ದಿಗೆ ಎಷ್ಟು, ಕೂದಲಿಗೆ ಎಷ್ಟು, ತಿನ್ನುವುದಕ್ಕೆ ಎಷ್ಟು, ಹೇಳಿದ್ದು ಕೇಳುವುದಕ್ಕೆ ಎಷ್ಟು. “ಮನೇಲಿ ಎಲ್ಲರಿಗೂ ಒಂದೊಂದು ಓಟು ಅಕ್ಕ, ಗುಬ್ಬಿಗೂ” ಎಂದು ನಿನ್ನ ಗಂಡ ಹೆಮ್ಮೆಯಿಂದ ಹೇಳಿದರು, ಮಗುವಿಗೆ ಏನೋ ದೊಡ್ಡ ಹಕ್ಕು ಕೊಟ್ಟವರ ಹಾಗೆ. ಎಂಟು ವರ್ಷದ ಹುಡುಗಿ ಕೈ ಕಟ್ಟಿಕೊಂಡು ಕೂತು ನಿಮ್ಮಿಬ್ಬರ ಮುಖ ನೋಡಿದಳು. ನೀವು ಎಷ್ಟು ಕೊಟ್ಟಿರೋ ಅಷ್ಟೇ ಕೊಟ್ಟಳು. ಆಗ ನೀನು ಅಂದೆ, ನಿನಗೆ ನೆನಪಿಲ್ಲದಿರಬಹುದು, ನನಗಿದೆ: “ನೋಡಕ್ಕ, ಈ ನಾಯಿಗಿಂತ ನಮ್ಮ ಗುಬ್ಬಿನೇ ವಾಸಿ. ಬಂದಾಗಿನಿಂದ ಒಂದು ದಿನಾನೂ ಕಾಟ ಕೊಟ್ಟಿಲ್ಲ. ಇದಾಳೆ ಅಂತಾನೇ ಗೊತ್ತಾಗಲ್ಲ.”

ನೀನು ಅವಳ ತಲೆ ಸವರಿ ಪ್ರೀತಿಯಿಂದಲೇ ಅಂದದ್ದು. ಅವಳು ನಕ್ಕಳು. ಆ ನಗು ನಿನಗೆ ಸಂತೋಷದ್ದಾಗಿ ಕಂಡಿತು. ನನಗೆ ಅದು ಪರೀಕ್ಷೆಯಲ್ಲಿ ಪಾಸಾದವರ ನಗುವಾಗಿ ಕಂಡಿತು.

ಮೊದಲ ನಾಯಿಗೆ ಗುಬ್ಬಿ ಒಂದಲ್ಲ ಮೂರು ಹೆಸರಿಟ್ಟಿದ್ದಳಂತೆ. ಅದು ಹೋದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ, ನೀನೇ ಹೇಳಿದ್ದು. ಎರಡನೆಯದಕ್ಕೆ ಒಂದು ಹೆಸರು. ಮೂರನೆಯದನ್ನು ‘ಅದು’ ಎಂದಳು. ಇದರಿಂದ ನಿನಗೆ ಅನ್ನಿಸಿದ್ದೇನು? “ಈಗ ಅಳಲ್ಲ ಅಕ್ಕ, ಮೆಚ್ಯೂರ್ ಆಗಿದ್ದಾಳೆ.” ಆ ಪದವನ್ನು ನಿನ್ನ ಬಾಯಲ್ಲಿ ಕೇಳಿ ನನಗೆ ಎದ್ದು ಹೋಗೋಣ ಅನ್ನಿಸಿತು. ನಮ್ಮ ತಮ್ಮನ ಮಗಳು ಅವಳು. ಅವನು ಮನೆಗೆ ಬಂದರೆ ಬೀದಿಯ ತುದಿಯಿಂದಲೇ ಗೊತ್ತಾಗುತ್ತಿತ್ತು. ಬೀದಿಗೆಲ್ಲ ಸೇರಿ ಯಾರಿಗೂ ಸೇರದಿದ್ದ ಆ ಕಂದು ನಾಯಿಗೆ ‘ಮುನಿಸಿಪಾಲಿಟಿ’ ಎಂದು ಹೆಸರಿಟ್ಟು, ಅದನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂರಿಸಿದವನು. ಮೇಷ್ಟ್ರು ಹಾಜರಿ ಕರೆದಾಗ ಅದರ ಪರವಾಗಿಯೂ “ಪ್ರೆಸೆಂಟ್ ಸಾರ್” ಎಂದವನು. ಅಂಥವನ ಮಗು ಇದೆಯೆಂದೇ ಗೊತ್ತಾಗದ ಹಾಗೆ ಇರುವುದು ಒಳ್ಳೆಯ ಗುಣವಲ್ಲ, ಅದು ಭಯ.

ನಾನು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ನಿಮ್ಮ ಮನೆಯಿಂದ ಹೊರಟುಬಂದದ್ದು ಮಂಡಿನೋವಿಗಲ್ಲ. ಈಗ ಹೇಳುತ್ತೇನೆ. ಹೊರಡುವ ದಿನ ಬೆಳಿಗ್ಗೆ ನೀನು ಪಕ್ಕದ ಟೈಲರಮ್ಮನ ಹತ್ತಿರ ಹೋಗಿದ್ದೆ. ಬಟ್ಟೆ ಒಣಹಾಕುವ ಹಿಂದಿನ ಬಾಲ್ಕನಿಯಿಂದ ಪಿಸುಮಾತು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದೆ. ಈಗಿರುವ ಆ ನಾಯಿ, ಯಾವ ತಳಿಗೂ ಸೇರದ್ದು, ಅಂಗಡಿಯವನು ನಿಮ್ಮ ಮೇಲಿನ ಬೇಸರಕ್ಕೆ ಕೊಟ್ಟು ಕಳಿಸಿದ್ದು, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ, ಬಕೆಟಿನ ಪಕ್ಕ ಕೂತಿತ್ತು. ಗುಬ್ಬಿ ಅದರ ಎದುರು ಕುಕ್ಕರಗಾಲಲ್ಲಿ ಕೂತು ಪಾಠ ಹೇಳುತ್ತಿದ್ದಳು.

“ಬೆಲ್ ಆದ್ರೆ ಬೊಗಳಬಾರ್ದು, ಗೊತ್ತಾಯ್ತಾ? ಸೋಫಾ ಕಡೆ ಹೋಗ್ಲೇಬೇಡ. ಹಾಕಿದಷ್ಟು ತಿನ್ನು, ಇನ್ನೂ ಬೇಕು ಅಂತ ನೋಡ್ಬೇಡ. ಹೊಟ್ಟೆನೋವು ಬಂದ್ರೂ ಹೇಳ್ಬೇಡ, ಹಂಗೇ ಮಲ್ಕೊಂಡ್ರೆ ಹೋಗುತ್ತೆ. ನಾನು ಹಂಗೇ ಮಾಡೋದು. ನೋಡು, ನನ್ನನ್ನ ಇನ್ನೂ ಕಳಿಸಿಲ್ಲ.”

ಇದನ್ನು ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ನೀನೂ ಕುಡಿದು ಬಾ.

ಆ ದಿನವೇ ನಿನ್ನ ಎದುರು ಕೂತು ಹೇಳಬೇಕಿತ್ತು. ಹೇಳಿದ್ದರೆ ನೀನು ಕೂಡಲೇ ಅವಳನ್ನು ಕರೆದು, “ಹಾಗೆಲ್ಲ ಅಂದ್ಕೋಬಾರ್ದು ಪುಟ್ಟಾ, ನಿನ್ನ ಯಾಕೆ ಕಳಿಸ್ತೀವಿ” ಎನ್ನುತ್ತಿದ್ದೆ. ಅವಳು “ಸರಿ ಅತ್ತೆ” ಎನ್ನುತ್ತಿದ್ದಳು. ಆಮೇಲೆ ತಾನು ಹೀಗೆ ಅಂದುಕೊಂಡದ್ದೇ ಒಂದು ತಪ್ಪಾಯಿತೆಂದು ಅದನ್ನೂ ಬಚ್ಚಿಡುತ್ತಿದ್ದಳು. ಮಾತಿನಿಂದ ಇದು ಹೋಗುವುದಿಲ್ಲ. ಎರಡು ತಿಂಗಳಿಂದ ಒಂದರ ಹಿಂದೊಂದು ಪ್ರಾಣಿ ಆ ಬಾಗಿಲಿನಿಂದ ಬಂದು, ಒಂದೊಂದು ತಪ್ಪಿಗೆ ಅದೇ ಬಾಗಿಲಿನಿಂದ ಹೋದದ್ದನ್ನು ಅವಳು ನೋಡಿದ್ದಾಳೆ. ಒಂದು ಬೊಗಳಿದ್ದಕ್ಕೆ. ಒಂದು ಕೂದಲು ಉದುರಿಸಿದ್ದಕ್ಕೆ. ಒಂದು ಗೊರಕೆ ಹೊಡೆದದ್ದಕ್ಕೆ, ಮೂಗೇ ಇಲ್ಲದ ಪ್ರಾಣಿ. ಅವಳಿಗೆ ನೀವು ಆಡುವ ಮಾತಿಗಿಂತ ಆ ಬಾಗಿಲು ದೊಡ್ಡದು.

ಆದ್ದರಿಂದ ನಾನು ಕೇಳುವುದು ಒಂದೇ. ಭಾನುವಾರ ಆ ನಾಯಿ ವಾಪಸು ಹೋಗಬಾರದು. ಅದು ಒಳ್ಳೆಯದೆಂದಲ್ಲ. ನೀನು ಹೇಳುವ ಹಾಗೆ ಅದು ಬೊಗಳುತ್ತದೆ, ಕೆರೆಯುತ್ತದೆ, ಒದ್ದೆಯಾದರೆ ಹಳೆಯ ಗೋಣಿಚೀಲದ ವಾಸನೆ ಹೊಡೆಯುತ್ತದೆ. ಅದಕ್ಕೇ ಅದು ಇರಬೇಕು. ಕಾಟ ಕೊಟ್ಟರೂ ಈ ಮನೆಯಲ್ಲಿ ಇರಬಹುದು ಎನ್ನುವುದನ್ನು ಆ ಮಗು ಒಂದು ಸಲವಾದರೂ ಕಣ್ಣಿನಿಂದ ನೋಡಬೇಕು. ಕಾಟ ಕೊಡದ ತಳಿ ಬೇಕೇ ಬೇಕೆಂದರೆ ಮಣ್ಣಿನದೊಂದು ನಾಯಿ ತಂದು ಶೋಕೇಸಿನಲ್ಲಿಡು. ನಿನ್ನ ಗಂಡ ಬೇಕಾದರೆ ತಟ್ಟಿಯೂ ನೋಡಬಹುದು.

ಕೋಪ ಬಂದರೆ ಬರಲಿ. ನೀನು ಕೋಪಿಸಿಕೊಂಡು ಬರೆದ ಪತ್ರಗಳೇ ನೀನು ಬರೆದವುಗಳಲ್ಲಿ ಚೆನ್ನಾಗಿರುವುದು.

ಇಂತಿ,
ಮಂಡಿನೋವು ಎಂದು ಸುಳ್ಳು ಹೇಳಿ ಬಂದ
ನಿನ್ನ ಅಕ್ಕ

ಸಂಜೆ ಸೇರಿಸಿದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ನಿನ್ನ ಗಂಡನ ಫೋನು ಬಂತು. ನೀನು ಸ್ನಾನಕ್ಕೆ ಹೋಗಿದ್ದೀಯಂತೆ, ಅದಕ್ಕೇ ಮೆಲ್ಲಗೆ ಮಾತಾಡಿದರು. ಕೆಲಸದಿಂದ ಬಂದು ನೋಡಿದರೆ ಅವರ ಹೊಸ ಚರ್ಮದ ಶೂಗಳಲ್ಲಿ ಒಂದರ ಮೂತಿಯೇ ಇಲ್ಲ. ಇದು ಯಾರ ಕೆಲಸ ಎಂದು ನಾಯಿಯ ಕಡೆ ನೋಡಿದ್ದಾರೆ. ಗುಬ್ಬಿ ಬಂದು ಅದರ ಮುಂದೆ ನಿಂತಳಂತೆ. “ನಾನೇ ಮಾವ, ನಾನೇ ಕಚ್ಚಿದ್ದು.” ಇವರಿಗೆ ನಗು ಬಂತಂತೆ. “ನೀನ್ಯಾಕಮ್ಮ ಶೂ ಕಚ್ತೀಯ?” ಎಂದರಂತೆ. ಅದಕ್ಕೆ ಅವಳು, “ಇದು ಏನೂ ಮಾಡಿಲ್ಲ. ಭಾನುವಾರ ನನ್ನೊಬ್ಬಳನ್ನೇ ಕಳಿಸಿ” ಎಂದಳಂತೆ.

“ಎಲ್ಲಿಗೆ ಅಕ್ಕ? ಇವಳನ್ನ ಎಲ್ಲಿಗೆ ಕಳಿಸೋದು? ಏನ್ ಮಾತಾಡ್ತಿದಾಳೆ ಇವಳು?” ಎಂದು ಕೇಳಿದರು. ಅವರ ದನಿ ನೆಟ್ಟಗಿರಲಿಲ್ಲ. ವಿವರಿಸುವ ತಾಳ್ಮೆ ನನಗಿರಲಿಲ್ಲ. ಇನ್ನೊಂದು ಶೂವನ್ನೂ ಆ ನಾಯಿಯ ಮುಂದೆ ಹಾಕಿ, ಅವಳು ನೋಡುತ್ತಿರುವಾಗ, ಅಂದೆ. “ಹೊಸದು ಅಕ್ಕ” ಅಂದರು. ಗೊತ್ತು ಅಂದೆ. ಆಮೇಲೆ ಫೋನನ್ನು ಹಾಗೇ ಎಲ್ಲೋ ಇಟ್ಟರು. ಶೂ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. “ತಗೋ, ಇದನ್ನೂ ತಿನ್ನು. ನೀನು ಎಲ್ಲಿಗೂ ಹೋಗಲ್ಲ” ಎಂದದ್ದು ಕೇಳಿಸಿತು, ಯಾರಿಗೆ ಅಂದರೋ. ನಾಯಿ ಬೊಗಳಿತು. ನೀನು ಬಚ್ಚಲಿನಿಂದ “ಏನ್ರೀ ಅದು ಗಲಾಟೆ” ಎಂದು ಕೂಗಿದೆ. ಅದರ ನಡುವೆ ಗುಬ್ಬಿ ಅಳಲು ಶುರು ಮಾಡಿದಳು, ನಲ್ಲಿ ಬಿಡದೆ, ಬಾಗಿಲು ಹಾಕಿಕೊಳ್ಳದೆ, ನಿಮ್ಮ ಬಿಲ್ಡಿಂಗಿನವರೆಲ್ಲ ಹೊರಗೆ ಬಂದು ನೋಡುವಷ್ಟು ಜೋರಾಗಿ.

ಮೇಲೆ ಬರೆದದ್ದರಲ್ಲಿ ಒಂದು ಪದವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಪತ್ರ ಹಾಗೆಯೇ ಟಪಾಲಿಗೆ ಹಾಕುತ್ತೇನೆ. ಇದು ತಲುಪುವ ಹೊತ್ತಿಗೆ ಅವಳು ಮತ್ತೆ ಅತ್ತರೂ ಅಳಬಹುದು. ಸುಮ್ಮನಿರು ಎಂದು ಮಾತ್ರ ಯಾರೂ ಹೇಳಬೇಡಿ.