ಅಳಿಲು ಮುಟ್ಟದ ಅರಳೆ

ಹಗರಿಬೊಮ್ಮನಹಳ್ಳಿ
೧೨ ಫೆಬ್ರವರಿ ೨೦೨೪

ಅಫ್ರೀನಳ ಅಪ್ಪನಿಗೆ ಪೀರ್ ಬೀ ಮಾಡುವ ಸಲಾಂ.

ಮುರಿದ ಕಾಲು ಈಗ ಹೇಗಿದೆ? ಪಟ್ಟಿ ಬಿಚ್ಚುವುದು ಯಾವಾಗ ಅಂದರು ಡಾಕ್ಟರು? ಮಗಳ ಮನೆ, ಹರಪನಹಳ್ಳಿಯ ಗಾಳಿ ಎಂದು ಹುರುಪಿನಲ್ಲಿ ಎದ್ದು ಓಡಾಡಬೇಡಿ. ಫೋನಿನಲ್ಲಿ ನಾನು ಕೂಗಿದರೆ ನಿಮ್ಮ ಕಿವಿಗೆ ಬೀಳುವ ಮೊದಲು ಓಣಿಗೆಲ್ಲಾ ಬೀಳುತ್ತದೆ. ಅದಕ್ಕೇ ಈ ಕಾಗದ.

ಇಲ್ಲಿ ಅಳಿಲಿನ ಕಾಟ ಹೆಚ್ಚಾಗಿದೆ. ನೀವಿದ್ದಾಗ ಹಿತ್ತಲ ಬೇವಿನ ಮರದಲ್ಲೇ ಇರುತ್ತಿದ್ದವು, ಈಗ ಪಡಸಾಲೆಗೇ ಬಂದಿವೆ. ಗಾದಿ ತುಂಬಲು ಇಟ್ಟ ಅರಳೆಯ ಚೀಲ ಹರಿದು, ಬಾಯಿತುಂಬಾ ತುಂಬಿಕೊಂಡು, ಮೀಸೆ ಬಂದ ಪೈಲ್ವಾನರ ಹಾಗೆ ಮರ ಹತ್ತುತ್ತವೆ. ಕೊಂಬೆಯ ಸಂದಿನಲ್ಲಿ ಅವುಗಳ ಬಾಣಂತನದ ಹಾಸಿಗೆ ಸಿದ್ಧವಾಗುತ್ತಿದೆ, ಮಜೂರಿ ಇಲ್ಲದೆ. ನಿಮ್ಮ ಮಗ ಇಸ್ರಾರ ಹಳೆಯ ಸಿ.ಡಿ.ಗಳನ್ನು ಕಟ್ಟಿ ತೂಗಿಬಿಟ್ಟ. ಅವು ಅದರಲ್ಲಿ ಮುಖ ನೋಡಿಕೊಂಡವು. ಇಲಿ ಹಿಡಿಯುವ ಅಂಟಿನ ಹಾಳೆ ಇಟ್ಟ, ಮರುದಿನ ತಾನೇ ಅದರ ಮೇಲೆ ಕಾಲಿಟ್ಟು, ಚಪ್ಪಲಿ ಅಲ್ಲೇ ಬಿಟ್ಟು ಬಂದ. ವಿಷ ತರುತ್ತೇನೆಂದಾಗ ಪಕ್ಕದ ಮನೆಯ ಪಂಪಮ್ಮ ಗೋಡೆಯಾಚೆಯಿಂದಲೇ, “ಬೆನ್ನ ಮ್ಯಾಲೆ ಮೂರು ಪಟ್ಟಿ ವಿಭೂತಿ ಐತಿ, ಅದನ್ನ ಕೊಂದೀ ಜ್ವಾಕಿ!” ಎಂದು ಗದರಿದಳು. ಬೋನಿಗೆ ಬಿದ್ದ ಒಂದನ್ನು ರೈಲ್ವೆ ಸ್ಟೇಷನ್ನಿನ ಹತ್ತಿರ ಬಿಟ್ಟು ಬಂದ. ಅದು ತಿರುಗಿ ಬಂತೋ, ಅದರ ಬಳಗ ಬಂತೋ, ನನಗೆ ಗುರುತು ಸಿಗುವುದಿಲ್ಲ. ಕೊನೆಗೆ ಚೀಲಗಳ ಸುತ್ತ ಖಾರದ ಪುಡಿ ಚೆಲ್ಲಿದ. ಅಳಿಲುಗಳಿಗಿಂತ ಮೊದಲು ನಾನು ಸೀನಿದೆ.

ಆದರೆ ಮೊನ್ನೆಯಿಂದ ಒಂದು ವಿಚಿತ್ರ. ಹಿರೇಹಡಗಲಿಯ ಹಾಲೇಶಪ್ಪ ಮಗಳು ಗಂಗಾಂಬಿಕಾಳ ಮದುವೆಯ ಗಾದಿಗೆಂದು ತನ್ನ ಹೊಲದ ಅರಳೆ ಕೊಟ್ಟು ಹೋಗಿದ್ದಾನಲ್ಲ, ಆ ಎರಡು ಚೀಲಗಳ ಬಾಯಿ ತೆರೆದೇ ಇದೆ, ಒಂದು ಅಳಿಲೂ ಮುಟ್ಟುತ್ತಿಲ್ಲ. ಪಕ್ಕದಲ್ಲಿರುವ ಹಳೆಯ ದಿಂಬಿನ ಅರಳೆಗೆ ಮಾತ್ರ ಮುತ್ತುತ್ತಿವೆ. “ನೋಡವ್ವಾ, ಖಾರ ಕೆಲಸ ಮಾಡೇತಿ” ಎಂದ ಇಸ್ರಾರ, ನನ್ನ ಮುಖ ನೋಡದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಖಾರ ಒಂದು ಚೀಲಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದೆ ಇರುತ್ತದೆಯೇ? ಕೈ ಹಾಕಿ ಒಂದು ಹಿಡಿ ತೆಗೆದೆ. ಬೆರಳಿಗೆ ಜಾರುತ್ತಿತ್ತು. ಒಲೆಗೆ ಹಿಡಿದೆ. ಅರಳೆಯಾದರೆ ಉರಿದು ಬೂದಿಯಾಗಬೇಕು, ಇದು ಕರಗಿ ಗುಂಡಗಾಯಿತು. ಮಿಲ್ಲಿನ ಕಸ, ಪಾಲಿಸ್ಟರ್ ನೂಲು.

ಹಾಲೇಶಪ್ಪನ ಅರಳೆ ಎಲ್ಲಿ ಎಂದು ಕೇಳಿದೆ. “ಎಲ್ಲಾ ಅಳಿಲು ಒಯ್ದಾವ” ಎಂದ. “ಲೇ, ಎರಡು ಚೀಲ ಒಯ್ಯಾಕ ಅವು ಲಾರಿ ತಂದಿದ್ವೇನು?” ಎಂದೆ. ಎದ್ದು ಹೊರಗೆ ಹೋದ. ನನಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಬೇರೆ ಪಿಂಜಾರರ ಅಂಗಡಿಯಲ್ಲಿ ಅರಳೆ ಕೊಟ್ಟವರು ಗಾದಿ ಹೊಲಿದು ಮುಗಿಯುವವರೆಗೆ ಎದುರಿಗೇ ಕೂತಿರುತ್ತಾರೆ. ನಮ್ಮಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಈ ಸಲವೂ ಕುರ್ಚಿ ಹಾಕಿದರೆ ಹಾಲೇಶಪ್ಪ ನಿಮ್ಮ ಹೆಸರು ಹಿಡಿದು, “ಹುಸೇನಣ್ಣನ ಮನಿಯಾಗ ಕಾವಲು ಕೂಡಬೇಕೇನಬೇ?” ಎಂದು ನಕ್ಕು, ನೀರು ಕುಡಿದು ಹೋದ. ಗುರುವಾರ ಗಾದಿ ಒಯ್ಯಲು ಬರುತ್ತಾನೆ. ಆ ಕಸ ತುಂಬಿದ ಗಾದಿಯನ್ನು ನಾನಂತೂ ನಮ್ಮ ಹೊಸ್ತಿಲು ದಾಟಿಸುವುದಿಲ್ಲ. ಅರಳೆ ಸಿಗದಿದ್ದರೆ ಅವನಿಗೆ ಏನು ಹೇಳಬೇಕೋ ನನಗೆ ತೋಚುತ್ತಿಲ್ಲ.

ಮಾತ್ರೆ ತಪ್ಪಿಸಬೇಡಿ. ಅಫ್ರೀನಳಿಗೆ, ಅಳಿಯಂದಿರಿಗೆ ಸಲಾಂ, ಮಕ್ಕಳಿಗೆ ನನ್ನ ದುವಾ. ನಿಮ್ಮ ಕಾಲಿಗೆ ಅಲ್ಲಾ ಬೇಗ ಬಲ ಕೊಡಲಿ.

ನಿಮ್ಮ
ಪೀರ್ ಬೀ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇಸ್ರಾರ ಬಂದು ಎದುರಿಗೆ ಕೂತು ನಿಜ ಹೇಳಿದ. ಅರಳೆಯನ್ನು ಮಾರಿಲ್ಲ. ಶುಕ್ರವಾರ ಟೆಂಪೋದಲ್ಲಿ ನಿಮಗೆಂದು ಹೊಸ ಗಾದಿ ಕಳಿಸಿದನಲ್ಲ, ಅದರಲ್ಲಿದೆ. “ಅಪ್ಪ ಮಲಗಿ ಮಲಗಿ ಬೆನ್ನು ನೋವು ಅಂತ ಅಳತಾನ ಅಂತ ಅಫ್ರೀನ ಹೇಳಿದ್ಲು. ಅಂಥಾ ಅರಳಿ ಪ್ಯಾಟ್ಯಾಗ ಎಲ್ಲಿ ಸಿಗತೈತವ್ವಾ?” ಎಂದ. ಬಯ್ಯಲೆಂದು ಬಾಯಿ ತೆರೆದೆ, ಅಳು ಬಂತು. ಆದರೂ ಅದು ಗಂಗಾಂಬಿಕಾಳ ಗಾದಿ. ಮತ್ತೆ ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿ ಹೊಲಿಯುತ್ತೇನೆ. ಹಾಲೇಶಪ್ಪನಿಗೆ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಅವನು ಒಯ್ಯಲಿ, ಬಿಡಲಿ. ಕಾಗದವನ್ನು ಟಪಾಲಿಗೆ ಹಾಕುತ್ತಿಲ್ಲ, ನಿಮ್ಮ ಮಗನ ಕೈಯಲ್ಲೇ ಕೊಟ್ಟು ಕಳಿಸಿದ್ದೇನೆ. ಎದುರಿಗೇ ನಿಂತಿರುತ್ತಾನೆ. ಬಯ್ಯಬೇಡಿ. ಅವನ ಹೆಗಲು ಹಿಡಿದುಕೊಂಡು ಮೆಲ್ಲಗೆ ಗಾದಿಯಿಂದ ಕೆಳಗಿಳಿಯಿರಿ.